ಅಜ್ಜನ ಕೋವಿಗೆ ತೋಟಾ ಎಲ್ಲಿಂದ ತರೋದು?

ಸೋಮವಾರ ಸಂತೇಲಿ ಇಬ್ಬರು ಕೇಳಿದರು, "ಅಜ್ಜನ ಕೋವಿ ಕೊಟ್ಟುಬಿಡ್ತೀರಂತೆ, ಹೌದಾ?" ಅಂತ. ಒಬ್ಬರಂತೂ ನಾನು ಮನೆ ದೇವರನ್ನೇ ಮಾರಕ್ಕೆ ಹೊರಟ ಹಾಗೆ ಮುಖ ಮಾಡಿದರು. ಹೌದು, ಕೊಡ್ತಿದ್ದೇನೆ. ಯಾಕೆ ಅಂತ ಸಂತೇಲಿ ನಿಂತು ಹೇಳಕ್ಕೆ ಆಗಲ್ಲ, ಅದಕ್ಕೇ ಇಲ್ಲಿ ಬರೀತಿದ್ದೇನೆ. ಹಳೇ ಕೋವಿ ಇರುವ ಮನೆಯವರು ಕೊನೇತನಕ ಓದಿ.

ನಮ್ಮದು ಜೋಡುನಳಿಗೆ, ಹೊರಗಡೆ ಕುದುರೆ ಇರುವ ಬೆಲ್ಜಿಯಂ ಕೋವಿ. 16 ಬೋರ್. ಎಸ್ಟೇಟ್ ಬಿಟ್ಟು ಸೀಮೆಗೆ ಹೊರಟ ದೊರೆಯೊಬ್ಬರಿಂದ ಅಜ್ಜ ತಗೊಂಡಿದ್ದು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ ಬಂತು. ಅಪ್ಪ ಹೋದಮೇಲೆ ಕೋವಿ ಡಿಪಾಜಿಟ್ ಆಗಿ, ಲೈಸೆನ್ಸ್ ನನ್ನ ಹೆಸರಿಗೆ ಬರುವಷ್ಟರಲ್ಲಿ ಎರಡು ಭತ್ತದ ಬೆಳೆ ಕುಯ್ದಾಗಿತ್ತು. (ನಿಮ್ಮಲ್ಲಿ ಹಿರಿಯರು ಇದ್ದರೆ ಒಂದು ಮಾತು. ಲೈಸೆನ್ಸ್‌ದಾರರಿಗೆ 70 ವರ್ಷ ತುಂಬಿದರೆ, ಇಲ್ಲಾ ಕೋವಿ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. 2016ರ ನಿಯಮದಲ್ಲೇ ಇದೆ. ನನಗೆ ಗೊತ್ತಾಗಿದ್ದು ತಡವಾಗಿ.)

ಕೋವಿ ಬಂತು, ತೋಟಾ ಬರಲಿಲ್ಲ. ನಮ್ಮ ಕಡೆ ಅಂಗಡಿಯಲ್ಲಿ ಎಲ್ಲಾ 12 ಬೋರ್. 16 ಅಂದ ಕೂಡಲೇ ತಲೆ ಆಡಿಸ್ತಾರೆ. ಸುಮಾರು ಜನ 16 ಅಂದರೆ 12ಕ್ಕಿಂತ ದೊಡ್ಡದು ಅಂದುಕೊಂಡಿದ್ದಾರೆ. ಲೆಕ್ಕ ತಿರುಗಾಮುರುಗಾ. ಒಂದು ಪೌಂಡ್ ಸೀಸವನ್ನ ಸಮನಾಗಿ 12 ಗುಂಡು ಮಾಡಿದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ ಅದು 12 ಬೋರ್, 16 ಗುಂಡು ಮಾಡಿದರೆ 16 ಬೋರ್. ಹಾಗಾಗಿ 16 ಸಣ್ಣದು. 12ರ ನಳಿಗೆ ಹತ್ತಿರ ಹತ್ತಿರ ಹದಿನೆಂಟೂವರೆ ಮಿಲಿಮೀಟರ್, ನಮ್ಮದು ಹದಿನೇಳಕ್ಕೂ ಸ್ವಲ್ಪ ಕಮ್ಮಿ. ಅಜ್ಜನ ಕಾಲದಲ್ಲಿ ಯುರೋಪಿನಲ್ಲಿ 16 ಬಹಳ ಓಡ್ತಿತ್ತು, ಆಮೇಲೆ 12 ಎಲ್ಲಾ ಕಡೆ ಗೆದ್ದಿತು. ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಹೊರಗಿನ ಕೋವಿ ತರಿಸೋದೂ 1980ರ ದಶಕದಲ್ಲೇ ನಿಂತುಹೋಯಿತು. ಹೊಸ ಕೋವಿ ಬರದೇ ಇದ್ದಮೇಲೆ ಅದರ ತೋಟಾ ಯಾರು ಇಟ್ಟುಕೊಳ್ತಾರೆ? ಅಂಗಡಿಯವರನ್ನ ಬಯ್ಯಕ್ಕೂ ಆಗಲ್ಲ.

ಕೇಳ್ತಾ ಕೇಳ್ತಾ ದೂರದ ಪೇಟೆಯ ಒಂದು ಅಂಗಡಿಯಲ್ಲಿ ಒಂದು ಪೆಟ್ಟಿಗೆ ವಿದೇಶಿ ಮಾಲು ಇದೆ ಅಂತ ಗೊತ್ತಾಯಿತು. ಎರಡು ಬಸ್ಸು ಬದಲಾಯಿಸಿ ಹೋದೆ. ಹೇಳಿದ ದರದಲ್ಲಿ ಒಂದು ಈಡಿಗೆ ಒಂದು ಹೆಣ್ಣಾಳಿನ ದಿನದ ಕೂಲಿ ಕೊಟ್ಟ ಹಾಗಾಗ್ತಿತ್ತು. ಆದರೂ ತರ್ತಿದ್ದೆನೋ ಏನೋ. ಪೆಟ್ಟಿಗೆ ಮೇಲೆ 70 ಮಿಲಿಮೀಟರ್ ಅಂತ ಬರೆದಿತ್ತು. ನಮ್ಮ ಕೋವಿಯ ನಳಿಗೆ ಬಿಚ್ಚಿ ಅಡಿಭಾಗ ನೋಡಿದರೆ 65 ಅಂತ ಒತ್ತಿದ್ದಾರೆ.

"ಕೂರುತ್ತೆ ತಗೊಂಡು ಹೋಗಿ" ಅಂದರು. ಕೂರೋದೇನೋ ನಿಜ, ಮೋಸ ಇರೋದೇ ಅಲ್ಲಿ. ತೋಟಾದ ಮೇಲೆ ಬರೆದ ಉದ್ದ, ಈಡು ಹಾರಿ ಬಾಯಿ ಬಿಚ್ಚಿದಮೇಲಿನ ಉದ್ದ. ಹೊಸ ತೋಟಾದ ಬಾಯಿ ಒಳಗೆ ಮಡಚಿರ್ತದೆ, ಅದಕ್ಕೇ 65ರ ಗೂಡಿಗೆ 70ರ ತೋಟಾ ಸಲೀಸಾಗಿ ಇಳೀತದೆ. ಹೊಡೆದಾಗ ಆ ಮಡಿಕೆ ಬಿಚ್ಚಕ್ಕೆ ಜಾಗ ಇರಲ್ಲ, ನಳಿಗೆ ಸಣ್ಣ ಆಗುವ ಕಡೆ ಹೋಗಿ ಒತ್ತಿಕೊಳ್ತದೆ. ಚರೆ ಹೊರಗೆ ಹೋಗುವ ದಾರಿಯೇ ಕಿರಿದಾದರೆ ಒತ್ತಡ ಎಲ್ಲಿಗೆ ಹೋಗಬೇಕು? ನೂರು ವರ್ಷದ ಕಬ್ಬಿಣಕ್ಕೆ. ಒಂದು ಈಡಿಗೆ ಏನೂ ಆಗದೇ ಇರಬಹುದು, ಹತ್ತಕ್ಕೆ ಕೀಲು ಸಡಿಲ ಆಗ್ತದೆ. ಹನ್ನೊಂದನೇದು ನಿಮ್ಮ ಎಡಗೈ ಇರುವ ಜಾಗದಲ್ಲಿ ಬಾಯಿ ಬಿಡಬಹುದು. 12 ಬೋರಿನ ಹಳೇ ಕೋವಿಗೂ ಇದೇ ಮಾತು. ಪೆಟ್ಟಿಗೆ ಮೇಲಿನ ಅಳತೆ ಓದದೆ ತರಬೇಡಿ.

ಬರಿಗೈಲಿ ವಾಪಸ್ ಬಂದೆ. ಇಷ್ಟೆಲ್ಲಾ ತಿಳಿದ ನಾನೇ ಆಮೇಲೆ ಮಾಡಿದ್ದು ಕೇಳಿ.

ಅಪ್ಪನದೊಂದು ಬಿಸ್ಕತ್ತಿನ ಡಬ್ಬಿ ಇತ್ತು. ಕೋವಿ ಜೊತೆಗೇ ಲೆಕ್ಕಕ್ಕೆ ಹತ್ತಿ ನನಗೆ ಬಂದದ್ದು. ಅದರೊಳಗೆ ಹನ್ನೊಂದು ತೋಟಾ, ಹಳೇ ಕಾಲದ ರಟ್ಟಿನ ಕವಚದ್ದು. ನಮ್ಮ ಮಳೆಗಾಲದ ಥಂಡಿ ಎಷ್ಟು ಸಲ ಹೊಡೆದಿತ್ತೋ, ನಾಲ್ಕಂತೂ ಉಬ್ಬಿ ಗೂಡಿಗೇ ಇಳೀತಿರಲಿಲ್ಲ. ಉಳಿದ ಏಳನ್ನ ಒಲೆ ಮೇಲಿನ ನಾಗಂದಿಗೆಯಲ್ಲಿ ಬೆಚ್ಚಗೆ ಇಟ್ಟೆ. ಈಗ ನೆನೆಸಿಕೊಂಡರೆ ಅದೂ ತಪ್ಪೇ. ಬಿಟ್ಟಿ ತೋಟಾ, ಇದಕ್ಕಿಂತ ಅಗ್ಗದ್ದು ಎಲ್ಲಿ ಸಿಗ್ತದೆ ಅಂದುಕೊಂಡೆ.

ಹೋದ ನವೆಂಬರ್. ಭತ್ತ ಹಾಲು ಕಟ್ಟಿ ಗಟ್ಟಿ ಆಗುವ ಹೊತ್ತು. ಹಂದಿ ದಿನಾ ರಾತ್ರಿ. ಒಂದೇ ರಾತ್ರಿಗೆ ಕೆಳಗಿನ ಗದ್ದೆಯ ಒಂದು ಮೂಲೆ ಚಾಪೆ ಹಾಸಿದ ಹಾಗೆ ಮಲಗಿತ್ತು. ಮಾಳದಲ್ಲಿ ನಾನು, ಮಗ. ಹಂದಿ ಹೊಡೆಯಕ್ಕಲ್ಲ ಮಾರಾಯ್ರೆ, ಹೆದರಿಸಿ ಓಡಿಸಕ್ಕೆ. ಬೆಳೆ ರಕ್ಷಣೆ ಲೈಸೆನ್ಸ್ ಅಂದರೆ ಬೇಟೆಯ ಪರವಾನಗಿ ಅಲ್ಲ. ಹಂದಿ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ, ಹೊಡೀಬೇಕಾದರೆ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಕೇರಳದಲ್ಲಿ 2022ರಿಂದ ಆ ಅಧಿಕಾರವನ್ನ ಪಂಚಾಯ್ತಿ ಅಧ್ಯಕ್ಷರಿಗೇ ಕೊಟ್ಟಿದ್ದಾರೆ. ಅದರ ಬಗ್ಗೆ ಇನ್ನೊಂದು ದಿನ ಬರೀತೇನೆ.

ಬಲನಳಿಗೆಗೆ ಒಂದು ಹಾಕಿ, ದರೆ ಕಡೆ ತಿರುಗಿಸಿ ಎಳೆದೆ. ಢಂ ಅನ್ನಲಿಲ್ಲ. ಒದ್ದೆ ಪಟಾಕಿ ಹಾಗೆ ಪುಸ್ ಅಂತು. ಭುಜಕ್ಕೆ ಒದೆಯೂ ಇಲ್ಲ. ಹಂದಿಗಳು ಗದ್ದೆಯಲ್ಲೇ ಗುಟುರು ಹಾಕ್ತಾ ಇದ್ದವು. ನನಗೆ ಸಿಟ್ಟು. ಕೋವಿ ಮಡಚಿ, ಖಾಲಿ ಕವಚ ಕಿತ್ತು ಕತ್ತಲಲ್ಲೇ ಇನ್ನೊಂದನ್ನ ತುರುಕಿದೆ.

"ಅಪ್ಪಯ್ಯ, ತಡಿ. ಶಬ್ದ ಸಮ ಬರಲಿಲ್ಲ" ಅಂದ ಮಗ. ನನ್ನ ಕೈ ಹಿಡಿದ.

ಹೊಸದನ್ನ ತೆಗೆಸಿ, ಹಿಂದುಗಡೆಯಿಂದ ಟಾರ್ಚ್ ಬಿಟ್ಟು ನೋಡಿದರೆ ಎಡನಳಿಗೆಯಲ್ಲಿ ಬೆಳಕು ಆ ತುದಿಗೆ ಹೋಗ್ತದೆ, ಬಲನಳಿಗೆಯಲ್ಲಿ ಹೋಗಲ್ಲ. ಬೆಳಿಗ್ಗೆ ಸರಳು ಹಾಕಿ ನೂಕಿದಾಗ ಮದ್ದಿಗೂ ಚರೆಗೂ ಮಧ್ಯೆ ಇರುವ ರಟ್ಟಿನ ಬಿಲ್ಲೆ, ಅದರ ಜೊತೆ ಒಂದು ಹಿಡಿ ಚರೆ, ಸುಡದೆ ಗಂಟು ಕಟ್ಟಿದ ಮದ್ದು ಎಲ್ಲಾ ಬಿತ್ತು. ನಳಿಗೆಗೆ ಬಿರಡೆ ಹಾಕಿ ಅದರ ಹಿಂದೆ ಇನ್ನೊಂದು ಈಡು ಹೊಡೆಯಕ್ಕೆ ಹೊರಟಿದ್ದೆ ನಾನು. ಮಗ ನನ್ನ ಎಡಪಕ್ಕದಲ್ಲಿ ಕೂತಿದ್ದ. ಅವನ ತಾಯಿಗೆ ಇವತ್ತಿಗೂ ಪೂರ್ತಿ ಹೇಳಿಲ್ಲ. ಇದನ್ನ ಓದಿದಮೇಲೆ ಗೊತ್ತಾಗ್ತದೆ.

ಆ ಹನ್ನೊಂದರಲ್ಲಿ ಉಳಿದ ಹತ್ತನ್ನೂ ಲೈಸೆನ್ಸ್ ಇರುವ ಅಂಗಡಿಗೆ ಲೆಕ್ಕ ಬರೆಸಿ ಒಪ್ಪಿಸಿದೆ. ಹಳೇ ತೋಟಾ ಇದ್ದರೆ ನೀವೂ ಅದನ್ನೇ ಮಾಡಿ. ಹೊಳೆಗೆ ಎಸೆಯೋದು, ಒಲೆಗೆ ಹಾಕೋದು, ಬಿಚ್ಚಿ ಮದ್ದು ತೆಗೆಯೋದು ಬೇಡ.

ಈ ವಿಷಯ ಹೇಳಿದಾಗಿನಿಂದ ಬಂದ ಸಲಹೆಗಳಿಗೆ ಲೆಕ್ಕವೇ ಇಲ್ಲ. ಲೇತ್ ಅಂಗಡಿಯಲ್ಲಿ ಗೂಡು ಕೊರೆಸಿ ಉದ್ದ ಮಾಡಿಸು ಅಂದರು ಒಬ್ಬರು. ಖಾಲಿ ಕವಚಕ್ಕೆ ಮನೇಲೇ ತುಂಬಿಕೋ ಅಂದರು ಇನ್ನೊಬ್ಬರು. ಎರಡೂ ಲೈಸೆನ್ಸ್ ಇಲ್ಲದೆ ಮಾಡಿದರೆ ಜೈಲಿಗೆ ದಾರಿ. ಅದಕ್ಕಿಂತ ಮೊದಲು ಆಸ್ಪತ್ರೆಗೆ. 315 ರೈಫಲ್ ತಗೋ, ಅದರ ಗುಂಡು ನಮ್ಮ ಸರ್ಕಾರಿ ಕಾರ್ಖಾನೆಯಲ್ಲೇ ಆಗ್ತದೆ ಅಂತಲೂ ಒಬ್ಬರು ಹೇಳಿದರು. ಆಗ್ತದೆ ಸರಿ, ಆದರೆ ರೈಫಲ್ ಗುಂಡು ಗುರಿ ತಪ್ಪಿದರೆ ಮೈಲಿ ದಾಟಿ ಹೋಗ್ತದೆ. ನಮ್ಮ ಗದ್ದೆಯಿಂದ ಕೂಗಳತೆಯಲ್ಲಿ ಮೂರು ಮನೆ, ಒಂದು ಲೈನ್ ಇದೆ. ಯಾವ ಧೈರ್ಯದ ಮೇಲೆ ಹೊಡೀಲಿ? ಉರುಳು, ಕರೆಂಟು ತಂತಿ, ಸಿಡಿಮದ್ದಿನ ಮಾತು ಎತ್ತಿದವರಿಗೆ ಉತ್ತರವೇ ಕೊಡಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇದು. ತೋಟಾ ಸಿಗದ ಕೋವಿಗೆ ಅಗ್ಗದ ತೋಟಾ ಹುಡುಕ್ತಾ ಅಲೆಯೋದೇ ದೊಡ್ಡ ಅಪಾಯ. ಅಗ್ಗಕ್ಕೆ ಸಿಗೋದು ಒಂದೋ ಹಳೇದು, ಇಲ್ಲಾ ಅಳತೆ ಬೇರೆಯದ್ದು, ಇಲ್ಲಾ ಕಳ್ಳಮಾಲು. ಅಂಥ ಕೋವಿ ಕೊಟ್ಟು 12 ಬೋರ್ ತಗೊಳ್ಳೋದೇ ಸರಿ. ತಮ್ಮ ಒಪ್ಪಲಿಲ್ಲ. "ಅಜ್ಜನ ನೆನಪು ಗೋಡೆ ಮೇಲಿರಲಿ, 12ನ್ನ ಬೇರೆ ತಗೋ" ಅಂದ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡು ಕೋವಿ ಇಟ್ಟುಕೊಳ್ಳಬಹುದು, ಹಾಗಾಗಿ ಅವನ ಮಾತು ಕಾನೂನಿಗೆ ವಿರುದ್ಧ ಅಲ್ಲ. ಆದರೆ ಎರಡೆರಡು ಕೋವಿ ಹೊತ್ತು ಪ್ರತಿ ಚುನಾವಣೆಗೂ ಠಾಣೆಗೆ ಹೋಗೋನು ನಾನು, ಅವನಲ್ಲ. 2020ರ ಗ್ರಾಮ ಪಂಚಾಯ್ತಿ ಚುನಾವಣೆ ಬಂದದ್ದು ಡಿಸೆಂಬರಿನಲ್ಲಿ, ಕೊಯ್ಲಿನ ಹೊತ್ತಿಗೆ. ಹಂದಿಗೆ ನೀತಿಸಂಹಿತೆ ಇರಲಿಲ್ಲ.

ಇನ್ನು ಸರ್ಕಾರದವರಿಗೆ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಕೊಟ್ಟಮೇಲೆ ಆ ಕೋವಿ ಕೆಲಸ ಮಾಡುವ ದಾರಿಯನ್ನೂ ಕೊಡಬೇಕು. ಸಿಗದ ಬೋರಿನ ಹಳೇ ಕೋವಿ ಬದಲಾಯಿಸುವ ಅರ್ಜಿಯನ್ನ ಹೊಸ ಲೈಸೆನ್ಸ್ ಕೇಳಿದವರ ಹಾಗೆ ಮೊದಲಿನಿಂದ ಸುತ್ತಿಸಬಾರದು. ಅದೇ ಮನುಷ್ಯ, ಅದೇ ಗದ್ದೆ, ಅದೇ ಹಂದಿ. ಕೊಡಗಿನ ಜಮ್ಮಾದವರಿಗೆ 2029ರವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಇದೆ, ಅದು ಅವರ ಹಕ್ಕು, ನಮಗೆ ಹೊಟ್ಟೆಕಿಚ್ಚಿಲ್ಲ. ನಾವು ಕೇಳ್ತಿರೋದು ವಿನಾಯಿತಿ ಅಲ್ಲ, ಒಂದು ಬದಲಾವಣೆಗೆ ಒಂದು ಬೆಳೆಯೊಳಗೆ ಉತ್ತರ.

ಅರ್ಜಿ ಕೊಟ್ಟಿದ್ದೇನೆ. ಕೋವಿ ಈಗ ಅಂಗಡಿಯ ಡಿಪಾಜಿಟ್‌ನಲ್ಲಿದೆ. ಮಾಳದಲ್ಲಿ ಡಬ್ಬ ಬಡೀತಾ ಕೂತಿದ್ದೇವೆ, ನಾಯಿ ಎರಡಿವೆ. ನಿಮ್ಮ ಮನೇಲೂ 16, 20 ಇಂಥ ಬೋರಿನ ಹಳೇ ಕೋವಿ ಇದ್ದರೆ ತಿಳಿಸಿ, ಎಲ್ಲರೂ ಸೇರಿ ಒಟ್ಟಿಗೆ ಡಿಸಿ ಆಫೀಸಿಗೆ ಹೋಗುವ. "ನಮ್ಮ ಅಟ್ಟದಲ್ಲಿ ನಾಲ್ಕು ತೋಟಾ ಇದೆ, ಬಂದು ತಗೊಂಡು ಹೋಗಿ" ಅಂತ ಮಾತ್ರ ಫೋನ್ ಮಾಡಬೇಡಿ.