ಯಾರು ಅಜ್ಞಾತ?

ನಮ್ಮ ಕಡೆಯ ಬೀಸುವ ಪದ, ಹಂತಿ ಪದ ಪುಸ್ತಕದಾಗ ಅಚ್ಚಾದಾಗ ಕೆಳಗ ಒಂದು ಮಾತು ಹಾಕತಾರ: 'ಅಜ್ಞಾತ'. ನನ್ನ ತಕರಾರು ಈ ಮಾತಿನ ಮ್ಯಾಲೆ.

ಸಂಸ್ಕೃತದಾಗ ಜ್ಞಾ ಅಂದ್ರ ತಿಳಿ. ಜ್ಞಾತ ಅಂದ್ರ ತಿಳಿದದ್ದು, ಅಜ್ಞಾತ ಅಂದ್ರ ತಿಳಿಯದ್ದು. ಯಾರಿಗೆ ತಿಳಿಯದ್ದು? ಅದನ್ನ ಆ ಮಾತು ಹೇಳಂಗಿಲ್ಲ. ಗೊತ್ತಿಲ್ಲದಾವ ಬರಕೊಂಡಾವ, ಹೆಸರು ಹೋದದ್ದು ಹಾಡಿದಾಕಿದು!

ಪಾಂಡವರು 12 ವರ್ಷ ವನವಾಸ ಮುಗಿಸಿ 13ನೇ ವರ್ಷ ವಿರಾಟನ ಊರಾಗ ಅಜ್ಞಾತವಾಸ ಮಾಡಿದರು. ಧರ್ಮರಾಯ ಕಂಕಭಟ್ಟ ಆದ, ಭೀಮ ಅಡಿಗೆಮನ್ಯಾಗ ವಲಲ, ಅರ್ಜುನ ಬೃಹನ್ನಳೆ, ದ್ರೌಪದಿ ಸೈರಂಧ್ರಿ. ಗುರುತು ಸಿಕ್ಕರ ಮತ್ತ 12 ವರ್ಷ ಅಡವಿ. ಅದಕ್ಕ ತಾವೇ ಹೆಸರು ಮುಚ್ಚಿಕೊಂಡರು. ನಸುಕಿನ್ಯಾಗ ಜೋಳ ಬೀಸಿದ ನಮ್ಮ ಅತ್ತಿ, ಆಯಿ ಯಾವ ಕೌರವರಿಗೆ ಹೆದರಿ ಅಡಗಿದ್ದರು?

ಇಲ್ಲಿ ಮರಾಠಿಯವರು ನಿನಾವಿ ಅಂತಾರ. ಆದರ ಆ ಮಾತು ಕೇಳಿದ ಕೂಡಲೇ ಚಾಡಿ ಪತ್ರ ನೆನಪಾಗತದ. ಫಾರಸಿಯಿಂದ ಬಂದ ಗುಮನಾಮ ವಾಸಿ. ಗುಮ್ ಅಂದ್ರ ಕಳೆದುಹೋದದ್ದು, ನಾಮ್ ಅಂದ್ರ ಹೆಸರು. ಕಳೆದದ್ದು ಅಂದ ಮ್ಯಾಲೆ ಕಳೆದವರು ಯಾರು ಅಂತ ಕೇಳಬಹುದಲ್ಲ.

ಹರದೇಸಿ-ನಾಗೇಸಿ ಪದಕ್ಕ ಕಡೀ ನುಡಿಯಾಗ ಊರು, ಗುರು, ಕವಿ ಹೆಸರು ಬರತಾವ. ಹೆಣ್ಣುಮಕ್ಕಳ ತ್ರಿಪದಿಗೆ ಮೂರೇ ಸಾಲು, ಮುದ್ರಿಕೆಗೆ ಜಾಗಾ ಎಲ್ಲಿ? 1931ರಾಗ ಹಲಸಂಗಿ ಗೆಳೆಯರು 'ಗರತಿಯ ಹಾಡು' ಅಚ್ಚು ಹಾಕಿಸಿದ್ದು ದೊಡ್ಡ ಉಪಕಾರ. ಅವರ ಗೊಡವಿಗೆ ನಾ ಹೋಗಂಗಿಲ್ಲ. ನನ್ನ ಸಿಟ್ಟು ಇವತ್ತು ಮೊಬೈಲಿನ್ಯಾಗ ಹಾಡು ತುಂಬಿಕೊಂಡು, ಹೆಸರು ಕೇಳದೇ ಬಸ್ ಹತ್ತುವವರ ಮ್ಯಾಲೆ.

'ಒಂದು ಪದ ಹತ್ತು ಬಾಯಾಗ ಬೆಳೀತದ, ಯಾರ ಹೆಸರು ಹಾಕೋದು?' ಅಂತಾರ ಕಲಿತವರು. ಖರೇ ಅದ. ಕಟ್ಟಿದಾಕಿ ಹೆಸರು ಸಿಗಲಿಕ್ಕಿಲ್ಲ. ಆದರ ಹಾಡಿದಾಕಿ ಎದುರಿಗೇ ಕುಂತಿದ್ದಳಲ್ಲ? ಆಕಿ ಹೆಸರು, ಊರು, ತವರು, ಯಾರ ಕಡಿಂದ ಕಲಿತಳು, ಇಷ್ಟು ಬರಕೊಳ್ಳಾಕ ಎಷ್ಟು ಕಾಗದ ಬೇಕು? ತವರು ಬಿಡಬ್ಯಾಡ್ರಿ. ಆಳಂದದಿಂದ ಅಕ್ಕಲಕೋಟಿಗೆ, ಇಂಡಿಯಿಂದ ಜತ್ತಕ್ಕ ಪದ ಬರೋದು ಸೊಸಿ ಸಂಗಾಟ. ನಡುವ ರಾಜ್ಯದ ಗಡಿ ಅದ, ಪದಕ್ಕ ಅದು ಕಾಣಂಗಿಲ್ಲ. ಅಜ್ಞಾತ ಅಂತ ಬರದರ ಆ ದಾರಿನೂ ಅಳಿಸಿಹೋಗತದ. ನಾಳೆ ಯಾರರೇ ಬಂದು, ಇಲ್ಲಿ ಕನ್ನಡ ಹಾಡು ಯಾರು ಹಾಡತಿದ್ದರು ಅಂದರ ಏನು ತೋರಸತೀರಿ?

ಮಾಸ್ತರರೇ, ಬಾಯಿಯವರೇ, ಮಕ್ಕಳಿಗೆ ಊರ ಪದ ಬರಕೊಂಡು ಬರ್ರಿ ಅಂತ ಹೇಳತೀರಿ. ಹೆಸರಿಲ್ಲದ ಹಾಳಿ ತಂದರ ತಿರುಗಿ ಕಳಸ್ರಿ. ಆಯಿ ಇನ್ನೂ ಕಟ್ಟಿ ಮ್ಯಾಲೆ ಕುಂತಾಳ, ಕೇಳಿಕೊಂಡು ಬರಲಿ.