ಬೆರಕೆ ಸೊಪ್ಪು ಮತ್ತು ದತ್ತೂರಿ



ಬೆಂಗಳೂರಿನ ಯಲಹಂಕ, ಹೆಬ್ಬಾಳದ ಹೊಲಗಳು ಬಡಾವಣೆಗಳಾದ ಮೇಲೆ, ಬದುಗಳಲ್ಲಿ ತಾನಾಗಿ ಬೆಳೆಯುವ ಹಲವು ಬಗೆಯ ಎಲೆಗಳನ್ನು, ಅಂದರೆ ಬೆರಕೆ ಸೊಪ್ಪನ್ನು, ಆರಿಸಿ ತಂದು ಮಸ್ಸೊಪ್ಪು ಮಾಡುತ್ತಿದ್ದ ಹಿರಿಯ ಹೆಂಗಸರ ತಿಳಿವಳಿಕೆ ಮುಂದಿನವರಿಗೆ ದಾಟುತ್ತಿಲ್ಲ. ಖಾಲಿ ನಿವೇಶನಗಳಲ್ಲಿ ಮಾತ್ರ ಆ ಸೊಪ್ಪುಗಳೂ ಅವುಗಳ ನಡುವೆ ವಿಷದ ಗಿಡಗಳೂ ಈಗಲೂ ಚಿಗುರುತ್ತಿವೆ.

ತಿನ್ನುವ ಗಣಿಕೆ ಸೊಪ್ಪು ಮತ್ತು ವಿಷದ ದತ್ತೂರಿ ಎರಡೂ ಬದನೆಯ ಕುಟುಂಬಕ್ಕೆ ಸೇರಿದವುಗಳಾದ್ದರಿಂದ ಎಳೆಯ ಗಿಡದ ಎಲೆಯನ್ನಷ್ಟೇ ನೋಡಿ ಕೀಳುವುದು ಅಪಾಯಕರ. ಗಣಿಕೆಯ ಹೂವು ಪುಟ್ಟದು, ಬಿಳಿಯ ಎಸಳಿನ ನಡುವೆ ಹಳದಿ, ಗೊಂಚಲಿನ ಕಾಯಿ ನುಣುಪು. ದತ್ತೂರಿಯ ಹೂವು ಕಹಳೆಯಂತೆ ಉದ್ದ, ಕಾಯಿಯ ಮೈತುಂಬ ಮುಳ್ಳು, ಎಲೆ ಹಿಸುಕಿದರೆ ಕೆಟ್ಟ ವಾಸನೆ. ದತ್ತೂರಿಯಲ್ಲಿರುವ ಅಟ್ರೋಪಿನ್, ಸ್ಕೋಪೋಲಮಿನ್ ಎಂಬ ಸಸ್ಯವಿಷಗಳು ಬಾಯಿ ಒಣಗಿಸಿ, ಕಣ್ಣಿನ ಪಾಪೆ ಹಿಗ್ಗಿಸಿ, ಬುದ್ಧಿಭ್ರಮೆ ತರುತ್ತವೆ.

ಬೇಯಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆಯಂತೂ ಇನ್ನೂ ಅಪಾಯಕಾರಿ. ಸುವರ್ಣಗೆಡ್ಡೆಯ ತುರಿಕೆಗೆ ಕಾರಣವಾದ ಸೂಜಿಯಾಕಾರದ ಆಕ್ಸಲೇಟ್ ಹರಳುಗಳ ಬಾಧೆ ಹುಣಸೆಹುಳಿಯಲ್ಲಿ ಬೇಯಿಸಿದಾಗ ತಗ್ಗುವುದು ನಿಜವಾದರೂ, ಗೆಣಸೆಂದು ಭ್ರಮಿಸಬಹುದಾದ ಅಗ್ನಿಶಿಖೆಯ, ಅಂದರೆ ಗೌರಿಹೂವಿನ, ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಎಷ್ಟು ಕುದಿಸಿದರೂ ನಾಶವಾಗದೆ ಪ್ರಾಣಕ್ಕೇ ಎರವಾಗಬಲ್ಲದು.

1964ರಲ್ಲಿ ಹೆಬ್ಬಾಳದಲ್ಲಿ ಆರಂಭವಾದ ಕೃಷಿ ವಿಶ್ವವಿದ್ಯಾಲಯವು ತನ್ನ ಜಿಕೆವಿಕೆ ಆವರಣದ ಕೃಷಿಮೇಳದಲ್ಲಿ ಇಂಥ ಜೋಡಿ ಗಿಡಗಳನ್ನು ಬೇರು, ಹೂವು, ಕಾಯಿ ಸಮೇತ ಅಕ್ಕಪಕ್ಕ ಇರಿಸಿ ಕನ್ನಡ ಹೆಸರಿನೊಂದಿಗೆ ತೋರಿಸಬೇಕು, ಸೊಪ್ಪು ಬಲ್ಲ ಹಳ್ಳಿಯ ಹಿರಿಯರನ್ನೇ ಅಲ್ಲಿ ವಿವರಣೆಗೆ ಕರೆಯಬೇಕು.

– ಓದುಗರೊಬ್ಬರು, ಯಲಹಂಕ