ಹಗ್ಗದ ತುದಿಗೆ ಕಲ್ಲು ಬೇಡ

ಮಳೆಗಾಲಕ್ಕೆ ಮುಂಚೆ ನಮ್ಮ ವಡಾಲದ ಬೀದಿಗಳಲ್ಲಿ ಮರದ ಕೊಂಬೆ ಕಡಿಯುವ ಕೆಲಸ ವರ್ಷ ವರ್ಷವೂ ನಡೆಯುತ್ತದೆ. ಕಡಿಯುವವರಲ್ಲಿ ನಮ್ಮವರೂ ಇದ್ದಾರೆ. ಹೋಟೆಲು ಬಿಟ್ಟವರು, ಹೋಟೆಲಿನಿಂದ ಬಿಡಿಸಲ್ಪಟ್ಟವರು, ಕಲಬುರ್ಗಿ ವಿಜಾಪುರದ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹುಡುಕುವವರು. ಆದುದರಿಂದ ಹೋಟೆಲು ಮತ್ತು ಗಿರಣಿಯ ಪತ್ರಿಕೆಯಲ್ಲಿ ಮರದ ಮಾತೇಕೆ ಎಂದು ಯಾರೂ ಕೇಳಬಾರದು.

ಕಳೆದ ಮೇ ತಿಂಗಳಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇವೆ. ದೊಡ್ಡದೊಂದು ಮಳೆಮರ. ಅದರ ಕವಲಿಗೆ ಹಗ್ಗ ಹಾಯಿಸಬೇಕು. ಮುಕಾದಮನು ಗಟಾರದ ಬದಿಯಿಂದ ಅರ್ಧ ಇಟ್ಟಿಗೆಯನ್ನು ಎತ್ತಿ ಹಗ್ಗದ ತುದಿಗೆ ಕಟ್ಟಿಸಿದ. ಮೂರು ಸಲ ಎಸೆದದ್ದು ವ್ಯರ್ಥವಾಯಿತು. ನಾಲ್ಕನೆಯ ಸಲ ಇಟ್ಟಿಗೆ ಕವಲಿನಲ್ಲಿ ಸಿಕ್ಕಿಕೊಂಡಿತು. "ಎಳೆಯಿರಿ" ಎಂದ. ಇಬ್ಬರು ಜೋತುಬಿದ್ದು ಎಳೆದರು. ಇಟ್ಟಿಗೆ ಒಮ್ಮೆಲೇ ಕಿತ್ತುಕೊಂಡು, ಎಳೆಯುತ್ತಿದ್ದವನ ಕಡೆಗೇ ಬಂದು ಹೆಗಲ ಮೂಳೆಗೆ ಬಡಿಯಿತು. ನಾಲ್ಕು ಬೆರಳು ಈಚೆಗೆ ಬಿದ್ದಿದ್ದರೆ ತಲೆ. ತಲೆಯ ಮೇಲೆ ಇದ್ದದ್ದು ಒಂದು ಹಳೆಯ ಪಂಚೆಯ ತುಂಡು. ಹುಡುಗ ಇಪ್ಪತ್ತೆರಡು ವರ್ಷದವನು. ಒಂದು ತಿಂಗಳು ಕೈ ಎತ್ತಲಾಗಲಿಲ್ಲ, ಆ ತಿಂಗಳ ಪಗಾರವೂ ಬರಲಿಲ್ಲ. ಆ ಕಂತ್ರಾಟುದಾರನ ಹೆಸರು ಇಲ್ಲಿ ಬೇಡ. ಹೀಗೆ ಮಾಡುವವನು ಅವನೊಬ್ಬನೇ ಅಲ್ಲ.

ಊರಿನಲ್ಲಿ ಅಡಿಕೆ ಮರ ಹತ್ತಿದವರಿಗೆ ಇದು ವಿಚಿತ್ರವೆನಿಸಬಹುದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಕಾಲದಲ್ಲಿ ಕಾಲಿಗೆ ತಳೆ ಹಾಕಿಕೊಂಡು ಸರಸರನೆ ಏರುತ್ತಾರೆ. ಹಗ್ಗ ಎಸೆಯುವ ಮಾತೇ ಇಲ್ಲ. ಆದರೆ ಅಡಿಕೆ ಮರ ಎರಡು ಅಂಗೈಗೆ ಹಿಡಿಯುವಂಥದು, ನಡುವೆ ಕೊಂಬೆಯಿಲ್ಲ. ಫೈವ್ ಗಾರ್ಡನ್ಸಿನ ಸುತ್ತಣ ಹಳೆಯ ಮರಗಳನ್ನು ತಬ್ಬಲು ಮೂರಾಳು ಬೇಕಾದೀತು. ಅಲ್ಲಿ ಮೊದಲು ತೆಳ್ಳನೆಯ ದಾರವೊಂದನ್ನು ಮೇಲಿನ ಗಟ್ಟಿ ಕವಲಿನ ಮೇಲಿಂದ ದಾಟಿಸಬೇಕು. ಆ ದಾರದಿಂದ ಹತ್ತುವ ಹಗ್ಗವನ್ನು ಎಳೆದುಕೊಳ್ಳಬೇಕು. ಹತ್ತುವವನ ಜೀವ ನೇತಾಡುವುದು ಆ ಹಗ್ಗದಲ್ಲಿ. ದಾರವನ್ನು ಮೇಲಕ್ಕೆ ಒಯ್ದು ಮತ್ತೆ ಕೆಳಗೆ ತರುವುದು ತುದಿಯ ತೂಕ.

ಅಮೆರಿಕ, ಇಂಗ್ಲೆಂಡುಗಳಲ್ಲಿ ಈ ಕಸುಬಿನವರು ಇದಕ್ಕಾಗಿಯೇ ಹೊಲಿದ ಸಣ್ಣ ಉದ್ದನೆಯ ಚೀಲವನ್ನು ಬಳಸುತ್ತಾರೆ. ಒಳಗೆ ಸೀಸದ ಗುಂಡುಗಳು, ಮೇಲೆ ದಾರ ಕಟ್ಟಲು ಒಂದು ಬಳೆ. ತೂಕ ಸಾಮಾನ್ಯವಾಗಿ 8ರಿಂದ 16 ಔನ್ಸ್, ಎಂದರೆ ಸುಮಾರು 225ರಿಂದ 450 ಗ್ರಾಂ. ದಾರ ಎರಡು ಮಿಲಿಮೀಟರಿನ ಆಸುಪಾಸು, ನುಣುಪಾದದ್ದು. ನಮ್ಮ ಕರಾವಳಿಯವರಿಗೆ ಇದು ಹೊಸದೇನಲ್ಲ. ಬೀಸುಬಲೆಯ ಅಂಚಿಗೆ ಸೀಸ ಪೋಣಿಸುವುದು ಇದೇ ಲೆಕ್ಕದಲ್ಲಿ: ಚಿಕ್ಕ ಗಾತ್ರ, ದೊಡ್ಡ ಭಾರ.

ಎಷ್ಟು ಭಾರ ಎಂಬುದರಲ್ಲಿಯೇ ಕಸುಬು ಇರುವುದು. ಹಗುರ ಚೀಲ ಎತ್ತರಕ್ಕೆ ಹೋಗುತ್ತದೆ, ಆದರೆ ಇಳಿಯಲು ಒಲ್ಲೆನೆನ್ನುತ್ತದೆ. ಮಳೆಮರದ ತೊಗಟೆ ಬಿರುಕುಬಿಟ್ಟ ಒರಟು ತೊಗಟೆ. ದಾರ ಅದಕ್ಕೆ ಉಜ್ಜಿಕೊಂಡು ನಿಂತುಬಿಡುತ್ತದೆ, ಕಾಲು ಕಿಲೋ ಚೀಲ ಮೇಲೆಯೇ ಜೋಲಾಡುತ್ತದೆ. ಅಲ್ಲಿಗೆ 350, 400 ಗ್ರಾಮಿನದು ಬೇಕು. ದಾರ ದಪ್ಪವಾದರೆ, ಎಲೆ ದಟ್ಟವಾದರೆ ಇನ್ನೂ ಸ್ವಲ್ಪ ಹೆಚ್ಚು. ತೊಗಟೆ ನುಣುಪಾಗಿದ್ದು ಕವಲು ಎತ್ತರದಲ್ಲಿದ್ದರೆ ಹಗುರವಾದದ್ದೇ ಸರಿ. ಭಾರ ಹೆಚ್ಚಿದಷ್ಟೂ ಒಳ್ಳೆಯದೆಂಬುದೂ ತಪ್ಪು: ನಾಲ್ಕು ಎಸೆತಕ್ಕೆ ತೋಳು ಸೋಲುತ್ತದೆ, ತಪ್ಪಿ ಬಿದ್ದರೆ ಪೆಟ್ಟು ಜೋರು. ಹೋಟೆಲಿನಲ್ಲಿ ಸಕ್ಕರೆಯನ್ನು ಕೈಯಲ್ಲಿ ಹಿಡಿದೇ ಕಾಲು ಕಿಲೋ ಎನ್ನುವ ನಮ್ಮವರಿಗೆ ಈ ಅಂದಾಜು ನಾಲ್ಕು ದಿನದ ಮಾತು.

ಇಟ್ಟಿಗೆಗಿರುವ ದೋಷ ತೂಕವೊಂದೇ ಅಲ್ಲ. ಅದಕ್ಕೆ ಮೂಲೆಗಳಿವೆ, ಕವಲಿನಲ್ಲಿ ಬೆಣೆಯಂತೆ ಕೂರುತ್ತದೆ, ಇಲ್ಲವೆ ಗಂಟಿನಿಂದ ಜಾರಿ ದಾರಿಹೋಕನ ಮೇಲೆ ಬೀಳುತ್ತದೆ. ಉದ್ದನೆಯ ನುಣುಪು ಚೀಲ ಹೆಚ್ಚಾಗಿ ಜಾರಿ ಹೊರಬರುತ್ತದೆ. ಅದೂ ಸಿಕ್ಕಿಕೊಳ್ಳುವುದುಂಟು. ಆಗ ದಾರದ ನೇರದಲ್ಲಿ ನಿಂತು ಜಗ್ಗಬಾರದು. ಜಗ್ಗಿದ ದಾರ ರಬ್ಬರಿನಂತೆ ಹಿಗ್ಗಿ, ಬಿಟ್ಟಾಗ ಚೀಲ ಬಿಲ್ಲಿನಿಂದ ಬಿಟ್ಟಂತೆ ಬರುತ್ತದೆ. ಪಕ್ಕಕ್ಕೆ ಸರಿದು, ಸಡಿಲ ಕೊಟ್ಟು, ಮೆಲ್ಲಗೆ ಅಲುಗಿಸಬೇಕು. ಬೇಡದ ಕೊಂಬೆಯ ಮೇಲೆ ಬಿದ್ದು ಚೀಲ ಕೆಳಗಿಳಿದಿದ್ದರೆ, ಚೀಲವನ್ನು ಬಿಚ್ಚಿ ಗಂಟಿಲ್ಲದ ಬರಿಯ ದಾರವನ್ನೇ ಹಿಂದಕ್ಕೆ ಎಳೆದುಕೊಳ್ಳಬೇಕು. ಎಸೆಯುವ ಮುನ್ನ ಕೂಗಿ ಹೇಳಬೇಕು, ದಾರವನ್ನು ಬಕೆಟ್ಟಿನಲ್ಲಿ ಸಡಿಲವಾಗಿ ತುಂಬಿಡಬೇಕು, ಮೇಲೆ ತಂತಿ ಇದೆಯೇ ನೋಡಬೇಕು. ವಿದ್ಯುತ್ತಿನ ತಂತಿಯ ಬಳಿ ಎಸೆಯಲೇಕೂಡದು. ಹಗ್ಗ ಹಾಯ್ದ ಮೇಲೆ ಇಬ್ಬರು ಸೇರಿ ಜೋತು ನೋಡಿ, ಆಮೇಲೆ ಒಬ್ಬನು ಹತ್ತಬೇಕು.

ಇದಕ್ಕೆ ಯಂತ್ರದ ಲಿಫ್ಟ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ, ದೊಡ್ಡ ರಸ್ತೆಗೆ. ಚಾಳಿನ ಹಿಂದಣ ಓಣಿಗೆ ಆ ಗಾಡಿ ಹೇಗೆ ಬಂದೀತು? ಮರ ಕಡಿಯುವುದನ್ನೇ ನಿಲ್ಲಿಸಿ ಎನ್ನುವವರೂ ಇದ್ದಾರೆ. 2021ರ ಮೇ 17ರಂದು ತೌಕ್ತೆ ಚಂಡಮಾರುತದ ಗಾಳಿಗೆ ಮುಂಬಯಿಯಲ್ಲಿ ನೂರಾರು ಮರಗಳು ಉರುಳಿದ್ದನ್ನು ಅವರು ಮರೆತಂತಿದೆ. ಮರದ ಕೊಂಬೆಗೆ ಕೈ ಹಚ್ಚುವ ಮುನ್ನ ಪಾಲಿಕೆಯ ಅನುಮತಿ ಬೇಕು. ಮರದ ರಕ್ಷಣೆಗೆ ಈ ರಾಜ್ಯದಲ್ಲಿ 1975ರಲ್ಲಿಯೇ ಕಾಯ್ದೆಯಾಗಿದೆ. ಮರದ ಕಾಗದವನ್ನು ಅಷ್ಟು ಜೋಪಾನವಾಗಿ ನೋಡುವ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಗಳು ಹತ್ತುವವನ ಹಗ್ಗವನ್ನು ಒಮ್ಮೆಯೂ ನೋಡುವುದಿಲ್ಲ.

ಕೆಲಸದಲ್ಲಿ ಪೆಟ್ಟಾದರೆ ಧಣಿ ಪರಿಹಾರ ಕೊಡಬೇಕೆಂಬುದು ನಮ್ಮ ದೇಶದ ಕಾಯ್ದೆಯಲ್ಲಿ ಬಂದದ್ದು 1923ರಲ್ಲಿ. ಗಿರಣಿಯಲ್ಲಿ ದುಡಿದ ನಮ್ಮ ಹಿರಿಯರು, 1982ರ ಮುಷ್ಕರಕ್ಕೆ ಮುಂಚೆ, ಇದನ್ನು ಕೇಳಿ ಪಡೆಯಬಲ್ಲವರಾಗಿದ್ದರು. ಖಾತೆಯಲ್ಲಿ ಹೆಸರಿತ್ತು, ಹಿಂದೆ ಯೂನಿಯನ್ ಇತ್ತು. ನಾಕಾದ ಕೂಲಿಗೆ ಎರಡೂ ಇಲ್ಲ. ಹಾಗಿರುವಾಗ ಪೆಟ್ಟಾದ ಮೇಲಿನ ಮಾತಿಗಿಂತ ಪೆಟ್ಟಾಗದಂತೆ ಕೇಳುವುದು ಅವನಿಗೆ ಸುಲಭ. ಚೀಲ, ದಾರ, ಹೆಲ್ಮೆಟ್ ಇವು ಕಂತ್ರಾಟಿನ ಖರ್ಚಿನಲ್ಲಿ ಬರಬೇಕು. ಯಾವ ಮರಕ್ಕೆ ಯಾವ ಚೀಲ ಎಂಬುದನ್ನು ಎಸೆಯುವವನು ಹೇಳಬೇಕು, ಮುಕಾದಮನಲ್ಲ. ಎಸೆಯದವನಿಗೆ ತೂಕವೇನು ಗೊತ್ತು?

ಸಂಘದ ಮೇಜಿನ ಮೇಲೆ ಎರಡು ಚೀಲಗಳನ್ನು ಇಟ್ಟಿದ್ದೇವೆ, ಒಂದು 250 ಗ್ರಾಂ, ಒಂದು 400. ದಪ್ಪ ಕ್ಯಾನ್ವಾಸಿನಲ್ಲಿ ಚಪ್ಪಲಿ ಹೊಲಿಯುವವರಿಂದ ಹೊಲಿಸಿದ್ದು. ಸೀಸ ವಿಷವಾದುದರಿಂದ ಮುಟ್ಟಿದ ಮೇಲೆ ಕೈ ತೊಳೆದು ಊಟ ಮಾಡಿರಿ. ಹೋಟೆಲಿನ ರಜೆಯ ದಿನ ಬಂದು ಹಿಡಿದು ನೋಡಬಹುದು. ಹೆಗಲಿಗೆ ಪೆಟ್ಟು ತಿಂದ ಹುಡುಗನೇ ಸಂಜೆ ಆರರ ಮೇಲೆ ಅಲ್ಲಿ ಇರುತ್ತಾನೆ, ಎಸೆಯುವುದನ್ನು ತೋರಿಸುತ್ತಾನೆ, ಈಗ ಎಡಗೈಯಲ್ಲಿ.